ಲುವ್ಸನ್‌ನ ಉಸಿರಿಗೆ ಹಳೇ ಪ್ಯಾನೆಲ್

ಯಾರಾದರೂ "ಆಗಲ್ಲ" ಅಂದರೆ ಸಾಕು, ನೊರ್ಜ್ಮಾಳಿಗೆ ಮೈಯೆಲ್ಲ ಉರಿ. ಆ ವಸಂತದಲ್ಲಿ ಮೈದುನ ಗೊಂಬೊ ದಿನಾ ಅದನ್ನೇ ಹೇಳುತ್ತಿದ್ದ.

ಅವಳ ಗಂಡ ಲುವ್ಸನ್‌ನ ಶ್ವಾಸಕೋಶ ಕೆಟ್ಟುಹೋಗಿತ್ತು. ಉಸಿರಿನ ಯಂತ್ರವಿಲ್ಲದೆ ರಾತ್ರಿ ಕಳೆಯುವಂತಿರಲಿಲ್ಲ. ಗೋಬಿ ಮರುಭೂಮಿಯ ಬಯಲಿನಲ್ಲಿದ್ದ ಅವರ ಉಣ್ಣೆಯ ಡೇರೆಗೆ ಕರೆಂಟು ಎಲ್ಲಿಂದ ಬರಬೇಕು? ಚಳಿಗಾಲವಿಡೀ ಪೇಟೆಯ ಗೊಂಬೊನ ಮನೆಯಲ್ಲಿ ಕಳೆದಿದ್ದರು. ಲುವ್ಸನ್ ಗೋಡೆ ನೋಡುತ್ತ ಮಲಗಿರುತ್ತಿದ್ದ. ಬಾಯಿ ಬಿಟ್ಟರೆ ಒಂದೇ ಪ್ರಶ್ನೆ: "ಕುದುರೆ ಈದ್ವಾ?"

"ಇಲ್ಲೇ ಇರಿ ಅತ್ಗೆ. ಗೋಡೇಲೇ ಕರೆಂಟಿದೆ," ಎಂದ ಗೊಂಬೊ.

"ಗೋಡೇಲಿದೆ, ನಿಮ್ಮಣ್ಣನ ಮೈಯಲ್ಲಿಲ್ಲ. ನಾನು ಇವ್ರನ್ನ ಮನೆಗೆ ಕರ್ಕೊಂಡ್ ಹೋಗ್ತೀನಿ."

"ಇದ್ದ ದುಡ್ಡನ್ನೆಲ್ಲ ಬ್ಯಾಟರಿಗೆ ಸುರಿದ್ರಿ. ಈಗ ಯಾರೋ ಬಿಸಾಕಿದ ಸೋಲಾರ್ ಪ್ಯಾನೆಲ್ ತಂದು ಅಣ್ಣನ ಜೀವ ಅದಕ್ಕೆ ಕಟ್ತೀರಾ?"

"ಕಟ್ಟೋಕ್ ಮುಂಚೆ ಪರೀಕ್ಷೆ ಮಾಡ್ತೀನಿ. ನೀನು ಗಾಡಿ ತೆಗಿ."

ಗಂಡನನ್ನೂ ಅವನ ಯಂತ್ರವನ್ನೂ ಜೀಪಿಗೆ ಹತ್ತಿಸಿಕೊಂಡೇ ಅವಳು ಹಳೇ ಸಾಮಾನು ಮಾರುವ ಶಗ್ದರನ ಅಂಗಳಕ್ಕೆ ಹೋದಳು. ಅಲ್ಲಿ ಪ್ಯಾನೆಲ್‌ಗಳ ಎರಡು ರಾಶಿ. ಒಂದು ಥಳಥಳ ಹೊಳೆಯುತ್ತಿತ್ತು. ಇನ್ನೊಂದು ಯಾವುದೋ ವಿದ್ಯುತ್ ಸ್ಥಾವರದಿಂದ ಬಿಚ್ಚಿ ತಂದದ್ದು. ಗಾಜು ಮಬ್ಬು, ಹಿಂಬದಿ ಹಳದಿ.

"ಹೊಳೆಯೋದನ್ನೇ ತಗೊಳ್ಳಿ ಅಕ್ಕ. ನಿಮ್ಮಂಥ ಕುರಿ ಸಾಕೋರ ಮನೇದು, ಮಗು ಥರ ನೋಡ್ಕೊಂಡಿದಾರೆ," ಎಂದ ಶಗ್ದರ್. ಮೀಟರು ಹಚ್ಚಿ ತೋರಿಸಿದ. "ನೋಡಿ, ಹೊಸದರಷ್ಟೇ ವೋಲ್ಟೇಜು!"

ನೊರ್ಜ್ಮಾ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಚೌಕಟ್ಟಿನ ಅಂಚಿಗೆ ಬೆರಳಾಡಿಸಿದಳು. ಹಗ್ಗ ಉಜ್ಜಿದ ಗೆರೆಗಳು ಸಿಕ್ಕವು. ತನ್ನವರ ಬುದ್ಧಿ ಅವಳಿಗೆ ಗೊತ್ತಿಲ್ಲವೇ? ಋತುವಿಗೊಮ್ಮೆ ಡೇರೆ ಕಿತ್ತು ಹೊರಟಾಗ ಪ್ಯಾನೆಲನ್ನು ಲಾರಿಯ ಸಾಮಾನಿನ ಮೇಲೆ ಮಲಗಿಸಿ, ಹಗ್ಗ ಬಿಗಿದು, ಅದರ ಮೇಲೊಂದು ಅಜ್ಜಿಯನ್ನೂ ಕೂರಿಸುತ್ತಾರೆ. ಗಾಜಿಗೆ ಏನೂ ಆಗುವುದಿಲ್ಲ, ಒಳಗಿನ ಕರೆಂಟು ಹುಟ್ಟಿಸುವ ಬಿಲ್ಲೆಗಳು ಕಣ್ಣಿಗೆ ಕಾಣದಂತೆ ಸೀಳಿಹೋಗುತ್ತವೆ. ಅವಳ ಅತ್ತೆಯೇ ಹಾಗೆ ಎರಡು ಹಾಳು ಮಾಡಿದ್ದರು, ಪುಣ್ಯಾತ್ಗಿತ್ತಿಯ ತೂಕವೂ ಹಾಗೇ ಇತ್ತು.

"ಸುಮ್ನೆ ನಿಂತಿದ್ರೆ ಕುಂಟು ಕುದುರೇನೂ ಚೆನ್ನಾಗೇ ಕಾಣತ್ತೆ ತಮ್ಮ. ಭಾರ ಹೊರ್ಸು. ಬ್ಯಾಟರಿ ಬೇಡ, ಬರೀ ಬಿಸಿಲಲ್ಲಿ ಈ ಯಂತ್ರ ಓಡ್ಬೇಕು."

"ಹಂಗೆಲ್ಲ ಯಾರೂ ಕೇಳಲ್ಲ ಅಕ್ಕ!"

"ನಾನು ಕೇಳ್ತಿದೀನಲ್ಲ. ಓಡ್ಸೋತನಕ ಈ ಜೀಪು ನಿನ್ನ ಗೇಟಿಂದ ಅಲ್ಲಾಡಲ್ಲ."

ಶಗ್ದರ್ ಗೊಣಗುತ್ತಲೇ ಹೊಳೆಯುವ ಮೂರನ್ನು ಇನ್ವರ್ಟರಿಗೆ ಜೋಡಿಸಿದ. ಲುವ್ಸನ್ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡ. ಯಂತ್ರ ಗುರುಗುಟ್ಟಿತು, ಕೀಂ ಎಂದು ಕೂಗಿತು, ನಿಂತುಹೋಯಿತು. ಗೊಂಬೊ ಅಣ್ಣನ ಕಡೆ ಓಡಿದ.

"ಸತ್ತಿಲ್ಲ ಕಣೋ," ಎಂದ ಲುವ್ಸನ್. "ಇನ್ನೊಂದು ರಾಶಿ ನೋಡ್ರೋ."

ಮಬ್ಬು ರಾಶಿಯಲ್ಲಿ ನೊರ್ಜ್ಮಾ ತಾನೇ ಆರಿಸಿದಳು. ಹಿಂಬದಿ ಗುಳ್ಳೆ ಎದ್ದದ್ದು, ವೈರಿನ ಡಬ್ಬಿ ಸುಟ್ಟದ್ದು ಪಕ್ಕಕ್ಕೆ ಹೋದವು. ಉಳಿದ ಮೂರನ್ನು ಜೋಡಿಸಿದರು. ಯಂತ್ರ ಓಡಿತು. ಚಹಾ ಬಂತು, ಚಹಾ ಮುಗಿಯಿತು, ಯಂತ್ರ ಓಡುತ್ತಲೇ ಇತ್ತು. ಅವಳು ಹಿಂಬದಿಯ ಉದ್ದಕ್ಕೂ ಅಂಗೈ ಇಟ್ಟು ನೋಡಿದಳು. ಒಳಗೆ ಸೀಳಿದ್ದರೆ ಆ ಜಾಗ ಸುಡಬೇಕಿತ್ತು; ಎಲ್ಲೂ ಸುಡುತ್ತಿರಲಿಲ್ಲ.

"ಚಳಿಗಾಲದ ಬಿಸಿಲು ಸಾಲ್ದು. ಇಂಥವೇ ಇನ್ನೆರಡು ಕೊಡು."

ಶಗ್ದರನಿಗೆ ಯಾಕೋ ಮನಸ್ಸು ತಡೆಯಲಿಲ್ಲ. "ಅಕ್ಕ, ಸುಳ್ಳು ಯಾಕೆ ಹೇಳ್ಲಿ. ಇವು ಹೊಸದರ ಥರ ಇಪ್ಪತ್ತು ವರ್ಷ ಬರಲ್ಲ. ಐದು ಬಂದ್ರೆ ಹೆಚ್ಚು."

"ಕೇಳಿದ್ರಾ ಅತ್ಗೆ? ಐದೇ ವರ್ಷ!" ಎಂದ ಗೊಂಬೊ.

ನೊರ್ಜ್ಮಾ ತಿರುಗಿ ನಿಂತಳು. "ಡಾಕ್ಟರು ನಿಮ್ಮಣ್ಣಂಗೆ ಎರಡು ಕೊಟ್ಟಿದಾರೆ, ಗೊಂಬೊ. ಎರಡೇ. ಆ ಎರಡನ್ನ ನಿನ್ನ ಗೋಡೆ ನೋಡ್ಕೊಂಡು ಕಳೀಬೇಕಾ?"

ಆ ಮಾತನ್ನು ಅವಳು ಈವರೆಗೆ ಗಂಡನೆದುರು ಆಡಿರಲಿಲ್ಲ. ಲುವ್ಸನ್ ನಳಿಕೆ ಸರಿಮಾಡಿಕೊಂಡ.

"ಹಂಗಾದ್ರೆ ನಾನ್ ಹೋದ್ಮೇಲೂ ಪ್ಯಾನೆಲ್ಲು ಮೂರು ವರ್ಷ ಮಿಗತ್ತೆ," ಎಂದ ಹೆಂಡತಿಗೆ. "ನೀನು ಟಿವಿ ನೋಡ್ಕೋ. ನಡಿ, ಕುದುರೆ ಈದಿರ್ತವೆ."