ಸರೋಜಕ್ಕ ನಂಬುವ ಬಲ್ಬು

ಹುಂಚದ ಸರೋಜಕ್ಕ ಹಾಲನ್ನು ಮೂಸಿ ನೋಡದೆ ಕಾಫಿಗೆ ಹಾಕುವುದಿಲ್ಲ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತಾರೆ, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತಾರೆ. ತೀರ್ಥಹಳ್ಳಿ ಕಡೆಯ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಂಡಿದ್ದವರು. ಅವರ ಹೆಸರೆತ್ತಿದರೆ ಪೇಟೆಯ ಅಂಗಡಿಯವರು "ಅಯ್ಯೋ, ಅವರಾ!" ಎನ್ನುತ್ತಾರೆ. ನನಗೆ ಅಂಥವರೇ ಬೇಕಿತ್ತು.

ನನ್ನ ಪುಟ್ಟ ಮಗಳು ಮೇಘನಾಗೆ ಉಬ್ಬಸ. ಎದೆ ಕಟ್ಟಿದಾಗ ನೆಬ್ಯುಲೈಸರ್ ಎಂಬ ಯಂತ್ರ ಔಷಧಿಯನ್ನು ಮಂಜು ಮಾಡಿ ಮಾಸ್ಕಿಗೆ ಊದಬೇಕು. ಕರೆಂಟ್ ಹೋದರೆ ಇರಲಿ ಎಂದು ಇನ್ವರ್ಟರ್ ತಂದೆವು. ಆದರೆ ಅದರ ಮೇಲೆ ಓಡುವಾಗ ಕೆಲವೊಮ್ಮೆ ಮಂಜು ತೆಳ್ಳಗಾಗುತ್ತಿತ್ತು. ಯಂತ್ರ ನರಳುತ್ತಿತ್ತು, ಮಗು ಎಳೆದೆಳೆದು ಉಸಿರು ಬಿಡುತ್ತಿತ್ತು. ಇನ್ವರ್ಟರ್ ಮಾರಿದ ಗಿರಿಯಪ್ಪ ಬಂದು ಮೀಟರ್ ಇಟ್ಟು, "ವೋಲ್ಟೇಜೂ ಸರಿ, ಆಂಪೇರೂ ಸರಿ. ನಿಮ್ ಊದೋ ಮಿಷನ್ನೇ ಸರಿ ಇಲ್ಲ ಅಮ್ಮಾ" ಎಂದು ಹೋದ. ಹಳೇ ಮಾಲು ನಮ್ಮ ತಲೆಗೆ ಕಟ್ಟಿದ್ದಾನೆ ಎಂದೇ ನನ್ನ ಲೆಕ್ಕ.

ಸರೋಜಕ್ಕ ಒಂದು ಮಧ್ಯಾಹ್ನ ಬಂದರು. ಬಟ್ಟೆಚೀಲದಲ್ಲಿ ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ, ಬ್ಯಾಟರಿಯಲ್ಲೇ ಓಡುವ ಆಸಿಲೋಸ್ಕೋಪು, ಜೊತೆಗೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ, ಈಗ ಎಲ್ಲೂ ಸಿಗದ ತಂತಿಯ ಬಲ್ಬು.

"ಬಲ್ಬು ಯಾಕಕ್ಕ? ನೆಬ್ಯುಲೈಸರ್ ನೋಡಿ."

"ಮೊದ್ಲು ನನ್ನ ಮಿಷನ್ನು ಸುಳ್ಳು ಹೇಳ್ತದಾ ನೋಡ್ಬೇಕು ಮಾರಾಯ್ತಿ. ಬಲ್ಬಿಗೆ ಎಷ್ಟು ವಾಟ್ ಬೇಕು ಅಂತ ನಂಗೊತ್ತು."

ಬಲ್ಬು ಹಚ್ಚಿ, ಒಂದು ವೈರು ವೋಲ್ಟೇಜಿಗೆ ಹಾಕಿದರು. ಕರೆಂಟಿನ ತಂತಿಗೆ ಬಟ್ಟೆಯ ಕ್ಲಿಪ್ಪಿನಂಥ ಕ್ಲಾಂಪ್ ಕಚ್ಚಿಸಿದರು. ಪರದೆಯ ಮೇಲೆ ಎರಡು ಅಲೆಗಳು ಓಡಿದವು. ಗಣಿತದ ಗುಂಡಿ ಒತ್ತಿದಾಗ ಕೆಳಗೆ ಮೂರನೆಯದೊಂದು ಗೆರೆ ಎದ್ದಿತು. ಕ್ಷಣಕ್ಷಣದ ವೋಲ್ಟೇಜನ್ನೂ ಕರೆಂಟನ್ನೂ ಗುಣಿಸಿ, ಪೂರ್ತಿ ಅಲೆಗಳ ಸರಾಸರಿ ತೆಗೆದರೆ ಬರುವುದೇ ನಿಜವಾದ ವಾಟ್ ಎಂದರು. "ಗಿರಿಯಪ್ಪನ ಮೀಟರು ಎರಡನ್ನೂ ಬೇರೆಬೇರೆ ಓದ್ತದೆ. ಒಂದು ಏಳುವಾಗ ಇನ್ನೊಂದೂ ಏಳ್ತದಾ ಅಂತ ಅದಕ್ಕೆಲ್ಲಿ ಗೊತ್ತು?"

ಅಷ್ಟರಲ್ಲಿ ಅಂಕಿಯ ಮುಂದೆ ಮೈನಸ್ ಕಂಡೆ. "ನೋಡಿ! ಮೋಸ!" ಎಂದು ಎದ್ದೇಬಿಟ್ಟೆ.

"ಕೂತ್ಕ. ಬಲ್ಬು ಕರೆಂಟ್ ಹುಟ್ಟಿಸ್ತದೇನೇ? ಕ್ಲಾಂಪಿನ ಮೇಲಿನ ದಿಕ್ಕಿನ ಬಾಣ ನಾನೇ ತಿರುಗಾಮುರುಗಾ ಹಾಕಿದೀನಿ." ಕ್ಲಾಂಪ್ ತಿರುಗಿಸಿದರು. ಮೈನಸ್ ಹೋಯಿತು, ವಾಟ್ ಬಲ್ಬಿನ ಮೇಲೆ ಬರೆದದ್ದಕ್ಕೆ ಸಮ ಬಂತು. ಆಗಲೇ ಅವರು ನೆಬ್ಯುಲೈಸರಿನ ಕಡೆ ತಿರುಗಿದ್ದು.

ಲೈನಿನ ಕರೆಂಟಿನಲ್ಲಿ ಅಳೆದರು. ಮೇನ್ ಸ್ವಿಚ್ ಆರಿಸಿ ಇನ್ವರ್ಟರಿನಲ್ಲಿ ಅಳೆದರು. ಎರಡೂ ಒಂದೇ. ಗಿರಿಯಪ್ಪ ಸಾಚಾ ಎಂದಾಗ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಹಾಗಾದರೆ ಯಾರು?

"ಸುಮ್ನಿರು, ಓಡ್ತಾ ಇರ್ಲಿ" ಎಂದು ಸರೋಜಕ್ಕ ಪರದೆಯನ್ನೇ ನೋಡುತ್ತ ಕೂತರು.

ಸ್ವಲ್ಪ ಹೊತ್ತಿಗೆ ವೋಲ್ಟೇಜಿನ ಅಲೆಯ ತಲೆ ಯಾರೋ ಅಂಗೈಯಿಂದ ಒತ್ತಿದ ಹಾಗೆ ಚಪ್ಪಟೆಯಾಯಿತು. ವಾಟ್ ಕುಸಿಯಿತು. ಮಂಜು ತೆಳ್ಳಗಾಯಿತು.

"ಮನೇಲಿ ಈಗ ಎಂಥ ಶುರುವಾಯ್ತು?"

ನೆಬ್ಯುಲೈಸರಿನ ಗಲಾಟೆಯಲ್ಲಿ ಏನೂ ಕೇಳುತ್ತಿರಲಿಲ್ಲ. ಇಬ್ಬರೂ ಹಿಂದಿನ ಅಡುಗೆಮನೆಗೆ ಓಡಿದೆವು. ಅತ್ತೆ ಶಾಂತಮ್ಮ ಗ್ರೈಂಡರಿಗೆ ಉದ್ದು ಸುರಿಯುತ್ತಿದ್ದರು.

"ಕರೆಂಟಿಲ್ಲ, ಇದು ಹೇಗೆ ತಿರುಗ್ತಿದೆ ಅತ್ತೆ?"

"ಆ ವೈರಿಂಗ್ ಮಾಡೋ ಜಟ್ಟಿಂಗಪ್ಪ ಇನ್ವರ್ಟರಿಗೆ ಬರೀ ದೀಪ ಸಾಕು ಅಂದಿದ್ದ. ನಾನೇ ಇದನ್ನೂ ಸೇರ್ಸು ಅಂದೆ. ಹಿಟ್ಟು ಅರ್ಧಕ್ಕೆ ನಿಂತ್ರೆ ಯಾರು ತಿರುಗಿಸೋದು, ನೀನಾ?"

"ನಂಗೆ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ಅದಕ್ಕೊಂದು ಹೆದರಿಕೆ ಶುರುವಾಗ್ತದೆ."

ಸರೋಜಕ್ಕ ಗ್ರೈಂಡರ್ ಆರಿಸಲು ಹೇಳಿ, ವಾಪಸ್ ಹೋಗಿ ಪರದೆ ನೋಡಿದರು. ವಾಟ್ ಏರಿತು. "ಗ್ರೈಂಡರಿನ ಭಾರಕ್ಕೆ ಇನ್ವರ್ಟರ್ ಸೋಲ್ತದೆ. ಆದ್ರೂ ಒಂದ್ಸಲ ಸಾಲದು. ಮತ್ತೆ ಹಾಕಿ, ಶಾಂತಮ್ಮ." ಹಾಕಿದರು, ಇಳಿಯಿತು. "ಇನ್ನೊಂದ್ಸಲ."

"ನಾನೇನು ನಿಮ್ಮ ಲ್ಯಾಬಿನ ಹುಡುಗನಾ?" ಎಂದು ಅತ್ತೆ ಗೊಣಗಿದರೂ ಹಾಕಿದರು. ಆಮೇಲೆ ಅವರ ಕಣ್ಣು ನನ್ನ ಕೈಯಲ್ಲೇ ಉಳಿದಿದ್ದ ಪುಟ್ಟ ಮಾಸ್ಕಿನ ಮೇಲೆ ನಿಂತಿತು. ಮರುದಿನ ತಾವೇ ಜಟ್ಟಿಂಗಪ್ಪನನ್ನು ಕರೆಸಿ ಅಡುಗೆಮನೆಯ ಲೈನ್ ಬಿಡಿಸಿದರು.

ವಾರದೊಳಗೆ ಕರೆಂಟ್ ಹೋಯಿತು, ಮೇಘನಾಳ ಎದೆಯೂ ಕಟ್ಟಿತು. ಮಂಜು ದಟ್ಟವಾಗಿ ಬಂತು, ನಿಲ್ಲಲಿಲ್ಲ. ಅವಳ ಉಸಿರು ಹದಕ್ಕೆ ಬರುತ್ತಿರುವಾಗ ಸರೋಜಕ್ಕನ ಫೋನು.

"ಸರಿಯಾಗ್ ಓಡ್ತಿದ್ಯಾ? ಅತ್ತೆ ಎಲ್ಲಿ? ಕೈ ನೋಡು, ಹಿಟ್ಟಿದ್ಯಾ?"

ತಲೆಯೆತ್ತಿದೆ. ಅತ್ತೆ ಬಾಗಿಲಲ್ಲಿ ಕೂತಿದ್ದರು. ನಾನು ಕೇಳುವ ಮೊದಲೇ ಎರಡೂ ಅಂಗೈ ತಿರುಗಿಸಿ ತೋರಿಸಿದರು.