ತಲೆಯ ಮೇಲೆ ಕೈ

ಮುಂಬಯಿಯಲ್ಲಿ ಪರೇಲಿನ ಹಳೇ ಮಿಲ್ಲಿನೊಳಗೆ ಭಾನುವಾರ ನಡೆಯುತ್ತಿದ್ದ ಚಿತ್ರಕಲೆಯ ಕ್ಲಾಸನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಮನುಷ್ಯರ ಕೈಗಳ ಬಗ್ಗೆ ನಮ್ಮ ಮೇಷ್ಟ್ರಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ಎದೆಯ ಮೇಲಿನ ಕೈ ಅಂದರೆ ನಿಷ್ಠೆ, ಸೊಂಟದ ಮೇಲಿನದು ಸೊಕ್ಕು, ಚಾಚಿದ ಅಂಗೈ ದೈನ್ಯ. ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸಿದ ಹಾಗೆ ಒಂದೊಂದಕ್ಕೂ ಅರ್ಥ ಅಂಟಿಸುತ್ತಿದ್ದರು. ನಾವು ತಲೆಯಾಡಿಸಿಕೊಂಡು ಬರೆದುಕೊಳ್ಳುತ್ತಿದ್ದೆವು.

ಒಂದು ಭಾನುವಾರ ಮಾಡೆಲ್ ಆಗಿ ಕೂರಲು ಬಂದಾಕೆ ಭಾಂಡುಪಿನಲ್ಲಿ ಕಟ್ಟಡದ ಕೆಲಸ ಮಾಡುವ, ವಿಜಯಪುರದ ಕಡೆಯ ಹೆಂಗಸು. ಮೇಷ್ಟ್ರು ಆಕೆಯನ್ನು ನೆಲದ ಮೇಲೆ ಕೂರಿಸಿ, ಎರಡೂ ಕೈ ತಲೆಯ ಮೇಲಿಟ್ಟುಕೊಳ್ಳಲು ಹಿಂದಿಯಲ್ಲಿ ಹೇಳಿದರು. ಆಕೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕ್ಲಾಸಿನಲ್ಲಿ ಕನ್ನಡ ಬರುವವನು ನಾನೊಬ್ಬನೇ. ಏನಂತೆ ಕೇಳು ಎಂದು ನನ್ನನ್ನು ಮುಂದೆ ತಳ್ಳಿದರು.

"ತಲಿ ಮ್ಯಾಲ ಕೈ ಹೊತ್ತು ಕುಂದ್ರಬಾರದ್ರೀ ಅಣ್ಣಾರ," ಅಂದಳು. "ನಮ್ಮ ಮನಿಯವ್ರು ಇಲ್ಲೇ ದವಾಖಾನಿಯೊಳಗ ಅದಾರ. ನಾಳಿಗೆ ಆಪರೇಶನ್ ಐತಿ. ಬ್ಯಾರೆ ಹೆಂಗ ಅಂದ್ರೂ ಕುಂದರ್ತೀನಿ."

ಇದು ನನಗೆ ಗೊತ್ತಿಲ್ಲದ ಮಾತೇ? ಚಿಕ್ಕಂದಿನಲ್ಲಿ ಪರೀಕ್ಷೆಯ ಹಿಂದಿನ ದಿನ ಹಾಗೆ ಕೂತದ್ದಕ್ಕೆ ಅಮ್ಮ ನನ್ನ ಕೈಗೆ ಪಟ್ಟನೆ ಹೊಡೆದು ಇಳಿಸಿದ್ದಳು. ಸಾವಾದ ಮನೆಯಲ್ಲಿ ಕೂರುವ ರೀತಿ ಅದು. ಆದರೆ ಅಷ್ಟು ಜನ ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದರು. ಇದ್ದದ್ದು ಹೇಳಿದರೆ ನಗುತ್ತಾರೆ, ನಿಮ್ಮವರೆಲ್ಲ ಹೀಗೇ ಎಂದು ನನ್ನನ್ನೂ ಸೇರಿಸಿ ನಗುತ್ತಾರೆ ಎಂದು ನಾಚಿಕೆಯಾಯಿತು. ಮೇಷ್ಟ್ರಿಗೆ, ಕುತ್ತಿಗೆ ನೋವಂತೆ, ಸ್ವಲ್ಪ ಹೊತ್ತು ಕೂರುತ್ತಾಳೆ ಎಂದೆ. ಆಕೆಗೆ, "ಏನೂ ಆಗುವುದಿಲ್ಲ ಅಕ್ಕಾ, ಇದು ಬರೀ ಚಿತ್ರ ಅಲ್ವಾ" ಎಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಗಳನ್ನೆತ್ತಿ ತಲೆಯ ಮೇಲಿಟ್ಟಳು. ತುಟಿ ಮಾತ್ರ ಯಾವುದೋ ದೇವರ ಹೆಸರು ಹೇಳಿಕೊಳ್ಳುತ್ತಿತ್ತು. ನಾನು ಆ ತುಟಿಯನ್ನೂ ಬಿಡದೆ ಬರೆದೆ. ದುಃಖ ಅಂದರೆ ಇದು ನೋಡಿ ಎಂದು ಮೇಷ್ಟ್ರು ನನ್ನ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ನನಗೆ ಖುಷಿಯಾಯಿತು. ಅದನ್ನು ಯಾಕೆ ಮುಚ್ಚಿಡಲಿ, ಬಹಳ ಖುಷಿಯಾಯಿತು.

ಗೋರೆಗಾಂವಿನ ಮನೆಗೆ ಬಂದವನೇ ಅಮ್ಮನಿಗೆ ತೋರಿಸಿದೆ. ಅಕ್ಕಿ ಆರಿಸುತ್ತಿದ್ದವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಅಯ್ಯೋ ಪಾಪ, ಇವಳ ಮನೆಯಲ್ಲಿ ಯಾರು ತೀರಿಹೋದದ್ದು?"

"ಯಾರೂ ಇಲ್ಲ. ಗಂಡನಿಗೆ ನಾಳೆ ಆಪರೇಶನ್ ಅಂತೆ."

ಅಮ್ಮ ಹಾಳೆಯನ್ನು ಮಗುಚಿ ನೆಲದ ಮೇಲಿಟ್ಟಳು. "ಮತ್ತೆ ಹೀಗೆ ಕೂತುಕೊಳ್ಳಲಿಕ್ಕೆ ಹೇಳಿದ್ದು ಯಾರು?"

"ಮೇಷ್ಟ್ರು" ಎಂದೆ.

"ಆಗ ನೀನು ಎಲ್ಲಿದ್ದಿ?"