ಭಂಕೂರಿನಲ್ಲಿ ಚಹಾ ತಡವಾದ ಮುಂಜಾನೆ

ಭಂಕೂರಿನ ಆ ಪಡಸಾಲೆಯಲ್ಲಿ ಅವತ್ತು ನಾವು ಆರು ಮಂದಿ ಇದ್ದೆವು. ಹೊರಸಿನ ಮೇಲೆ ಮನೆಯ ಹಿರಿಯರು. ಹರೆಯವನ್ನೆಲ್ಲ ಫರ್ಸಿ ಕಲ್ಲಿನ ಖಣಿಯಲ್ಲಿ ಕಳೆದವರು, ಈಗ ಲಕ್ವಾ ಹೊಡೆದು ಎಡಮಗ್ಗುಲು ಸತ್ತಂತಾಗಿತ್ತು. ಅವರ ಮಗ್ಗುಲಿಗೆ ಚಾಪೆಯ ಮೇಲೆ ಅವರ ಅಕ್ಕ, ನಾವು ಬರುತ್ತೇವೆಂದು ಕೇಳಿ ಹಿಂದಿನ ದಿನವೇ ಸನ್ನತಿಯಿಂದ ಬಂದಿಳಿದವರು. ಎದುರಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಮ್ಮ ತಂಡದ ಮುಖ್ಯಸ್ಥರಾದ ಸರ್ ಮತ್ತು ಶಹಾಬಾದ ಕೇಂದ್ರದ ಸಂಯೋಜಕ. ನಾನು ಅಕ್ಕನ ಪಕ್ಕಕ್ಕೆ ಕಾಲು ಮಡಚಿ ಕುಳಿತಿದ್ದೆ. ಹೊರಸಿನ ಬೆನ್ನಿಗೇ ಒಳಮನೆಯ ಬಾಗಿಲು, ಅದಕ್ಕೊಂದು ಹಳೆ ಸೀರೆಯ ಪರದೆ. ಪರದೆಯ ಅಂಚಿನಲ್ಲಿ ಸೊಸೆ, ತಲೆ ತುಂಬ ಸೆರಗು ಹೊದ್ದು, ಮುಖವಷ್ಟೇ ಕಾಣುವಂತೆ ನಿಂತಿದ್ದಳು.

ನಾವು ಹೋದದ್ದು ಒಂದು ದೊಡ್ಡ ಯೋಜನೆಯನ್ನು ತೂಗಿ ನೋಡಲಿಕ್ಕೆ. ಹಾಸಿಗೆ ಹಿಡಿದವರ ಮನೆಯವರು ಗುಳಿಗೆಗೆ ಒಂದು ಕಡೆ, ಪಿಂಚಣಿಗೆ ಒಂದು ಕಡೆ, ಅಂಗವಿಕಲರ ಪ್ರಮಾಣಪತ್ರಕ್ಕೆ ಇನ್ನೊಂದು ಕಡೆ ಅಲೆಯುವುದನ್ನು ತಪ್ಪಿಸಿ, ಎಲ್ಲವನ್ನೂ ಒಂದೇ ಕೇಂದ್ರಕ್ಕೆ ತಂದು ಕಟ್ಟಿದ ಯೋಜನೆ ಅದು. ತೀರ ಕಷ್ಟದಲ್ಲಿದ್ದವರ ಮನೆಗೆ ದಿನಾ ಮುಂಜಾನೆ ಒಬ್ಬ ಸಹಾಯಕಿ ಬಂದು ರೋಗಿಯ ಮೈ ಒರೆಸಿ, ಮಗ್ಗುಲು ಬದಲಿಸಿ, ಉಣಿಸಿ, ಮಧ್ಯಾಹ್ನದವರೆಗೆ ನೋಡಿಕೊಂಡು ಹೋಗುತ್ತಿದ್ದಳು. ಕಾಗದದ ಮೇಲೆ ಯೋಜನೆ ಒಂದೇ, ಊರಿಗೆ ಇಳಿದ ಮೇಲೆ ಐದು ರೂಪ. ಸೇಡಂನಲ್ಲಿ ಅದು ದವಾಖಾನೆಯ ಕೂಸಾಗಿತ್ತು. ವಾಡಿಯಲ್ಲಿ ಗಾಲಿಕುರ್ಚಿ, ಪಿಂಚಣಿಯ ಕೆಲಸವೇ ಹೆಚ್ಚು. ಚಿತ್ತಾಪುರದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳು ಹೊಣೆ ಹೊತ್ತಿದ್ದವು, ಚಿಂಚೋಳಿಯಲ್ಲಿ ಸಹಾಯಕಿಯರು ತಾಂಡಾದಿಂದ ತಾಂಡಾಕ್ಕೆ ನಡೆಯುತ್ತಿದ್ದರು. ಐದನೆಯದು ಭಂಕೂರನ್ನು ನೋಡಿಕೊಳ್ಳುವ ಈ ಶಹಾಬಾದ ಕೇಂದ್ರ. ರೋಗಿ ಸುಧಾರಿಸಿದರೆ ಅದು ಗುಳಿಗೆಯಿಂದಲೋ, ಸಹಾಯಕಿಯಿಂದಲೋ, ಪಿಂಚಣಿಯಿಂದ ಬಂದ ಹಾಲಿನಿಂದಲೋ? ಹತ್ತು ಮಂದಿ ನೀರು ಹಾಕಿದ ಗಿಡ ಯಾರ ಕೊಡದಿಂದ ಚಿಗುರಿತು ಅಂತ ಹೇಳುವುದು ಹೆಂಗವ್ವಾ ಎಂದು ನಮ್ಮಜ್ಜಿಯಾದರೆ ಕೇಳುತ್ತಿದ್ದಳು. ನಮ್ಮ ಸರ್ ಅವರಿಗೂ ಅದೇ ಚಿಂತೆ. ಅದಕ್ಕೇ ಅವರು ಕಣ್ಣಿಗೆ ಕಾಣುವ ಒಂದೆರಡು ಸಂಗತಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು: ರೋಗಿ ಆಸರೆಯಿಲ್ಲದೆ ಕುಳಿತುಕೊಳ್ಳಬಲ್ಲರೇ, ತಮ್ಮ ಕೈಯಿಂದ ಉಣ್ಣಬಲ್ಲರೇ.

ಕುಳಿತರೆ ‘ಸುಧಾರಣೆ’. ಸುಧಾರಿಸಿದವರ ಮನೆಯ ಸಹಾಯಕಿಯನ್ನು ಇನ್ನೂ ಕಷ್ಟದಲ್ಲಿದ್ದ ಮನೆಗೆ ಕಳಿಸಬೇಕೆಂಬುದು ಯೋಜನೆಯ ನಿಯಮ. ಸಹಾಯಕಿಯ ಎದುರಿಗೆ ಮನೆಯವರು ಮನಬಿಚ್ಚಿ ಮಾತಾಡಲಾರರೆಂದು ಅವತ್ತು ಅವಳನ್ನು ದೂರ ಇರಿಸಿದ್ದೆವು.

ಹಿರಿಯರು ಕುಳಿತಿದ್ದರು. ಇಸ್ತ್ರಿ ಮಾಡಿದ ಧೋತ್ರ, ತಲೆಗೆ ರುಮಾಲು, ಹಣೆಗೆ ಮೂರು ಬೆರಳಿನ ಈಬತ್ತಿ. ಸಂಯೋಜಕನ ಮುಖ ಅರಳಿತ್ತು.

“ನೋಡ್ರಿ ಸರ, ನಾವು ಮೊದಲ ಬಂದಾಗ ಇವ್ರು ಹಾಸಗಿಗಿ ಅಂಟಿಕೊಂಡಿದ್ರು. ಈಗ ನೋಡ್ರಿ.”

ಸರ್ ಮೈಸೂರು ಕಡೆಯವರು. “ದಿನಾ ಹೀಗೇ ಕೂರ್ತಾರಾ ಅಮ್ಮ?” ಎಂದು ಅಕ್ಕನನ್ನು ಕೇಳಿದರು.

“ಕುಂದರ್ಲಾರ್ದ ಏನ್ರಿ ಸಾಹೇಬ್ರ? ನಮ್ಮ ಮನಿತನದಾಗ ಬಂದವ್ರ ಮುಂದ ಗಂಡಸ್ರು ಮಲಕೊಂಡಿದ್ದಿಲ್ಲ. ನನ್ನ ತಮ್ಮ ಈಗ ಭಾಳ ಆರಾಮ ಅದಾನ.”

ಸರ್ ತಲೆಯಾಡಿಸಿ ಬರೆದುಕೊಂಡರು. ನನಗೆ ಅದೇನೋ ಸರಿ ಕಾಣಲಿಲ್ಲ. ಹಿರಿಯರ ಕುತ್ತಿಗೆಯ ನರ ಹಗ್ಗದಂತೆ ಬಿಗಿದಿತ್ತು, ಈಬತ್ತಿಯ ಮೇಲೆ ಬೆವರು ಇಳಿಯುತ್ತಿತ್ತು. ನಾನು ಕುಳಿತಲ್ಲಿಂದ ಪರದೆ ಬಾಗಿಲ ಕಟ್ಟಿಗೆ ಪೂರ್ತಿ ಕೂಡದೆ ಉಳಿದ ಸಂದು ಕಾಣುತ್ತಿತ್ತು. ಆ ಸಂದಿನಲ್ಲಿ ಸೊಸೆಯ ಕೈ. ಮಾವನ ಸೊಂಟಕ್ಕೆ ಬಿಗಿದ ಒಂದು ಟವೆಲ್ಲಿನ ಎರಡೂ ತುದಿಗಳನ್ನು ಅವಳು ಮುಂಗೈಗೆ ಸುತ್ತಿಕೊಂಡು ಹಿಂದಕ್ಕೆ ಜಗ್ಗಿ ಹಿಡಿದಿದ್ದಳು. ಬೆರಳು ಬಿಳಿಚಿದ್ದವು. ಮುಖದ ಮೇಲೆ ಮಾತ್ರ ಏನೂ ಇಲ್ಲ.

ಅವಳು ಊರ ಸಾಲಿಯಲ್ಲಿ ಬಿಸಿಯೂಟದ ಅಡಿಗೆ ಮಾಡುವವಳು. ಅವತ್ತು ಸಾಲಿಗೆ ರಜೆ ಇತ್ತು. ಗಂಡ ಕಲ್ಲಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಬೆಳಕು ಹರಿಯುವ ಮೊದಲೇ ಹೊರಟರೆ ಬರುವುದು ಸಂಜೆಗೆ. ಗಂಡನ ತಾಯಿ ತೀರಿಹೋಗಿದ್ದಾರೆ. ಸಹಾಯಕಿ ಬರುತ್ತಾಳೆಂದೇ ಅವಳು ಕೆಲಸಕ್ಕೆ ಹೋಗಬಲ್ಲವಳಾಗಿದ್ದಳು. ತನ್ನ ಕೈಯಾರೆ ಮಾವನನ್ನು ಸುಧಾರಿಸಿದವರ ಪಟ್ಟಿಗೆ ಎತ್ತಿ ಹಿಡಿದು ನಿಂತಿದ್ದಾಳೆ ಎಂದು ಆಗ ನನಗೆ ಹೊಳೆಯಿತು. ಅವಳು ಬಾಯಿಬಿಟ್ಟರೆ ಹಿರಿಯರ ಮಾನ ಹೋಗುತ್ತದೆ, ಬಿಡದಿದ್ದರೆ ಕೆಲಸ ಹೋಗುತ್ತದೆ. ನಾನು ಬಾಯಿಬಿಟ್ಟರೂ ಹೋಗುವುದು ಅದೇ ಮಾನ, ಅದೂ ಹೊರಗಿನವಳ ಬಾಯಿಂದ.

ಅಷ್ಟರಲ್ಲಿ ಅಕ್ಕ ಹೊರಳಿ ನೋಡಿದರು.

“ಏ ಹುಡುಗಿ, ಕಂಬದಂಗ ನಿಂತ್ರ ಹ್ಯಾಂಗ? ಸಾಹೇಬ್ರು ಬಂದು ಎಷ್ಟೊತ್ತಾಯ್ತು. ಚಾ ಇಡು ಹೋಗು.”

“ಇಡ್ತೀನ್ರಿ ಅತ್ತಿ,” ಎಂದಳು. ಅಲುಗಲಿಲ್ಲ.

“ಹಾಲು ಇಲ್ಲೇನು?”

“ಅದಾವ್ರಿ.”

“ಮತ್ತ ಕಾಲಿಗಿ ಮದರಂಗಿ ಹಚ್ಕೊಂಡಿಯೇನು?”

ಸಂಯೋಜಕ ನಕ್ಕ. ನಾನು ನಡುವೆ ಬಾಯಿ ಹಾಕಿದೆ. “ಚಾ ಬ್ಯಾಡ ಬಿಡ್ರಿ ಆಯಿ, ಶಹಾಬಾದದಾಗ ಈಗರೆ ಕುಡದು ಬಂದೀವಿ.”

“ಶಹಾಬಾದದ ಚಾ ಶಹಾಬಾದಕ್ಕ ಮುಗೀತವ್ವಾ. ಇದು ನಮ್ಮ ಮನಿ.”

“ಹಂಗಾದ್ರ ನಾನೇ ಇಡ್ತೀನಿ,” ಎಂದು ಎದ್ದೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದರು.

“ಕುಂದ್ರಿ ಬಾಯಾರ. ಸೊಸಿ ಇದ್ದ ಮನ್ಯಾಗ ಬಂದವ್ರು ಒಲಿ ಹಚ್ತಾರೇನು? ನಾಳಿ ಊರಾಗ ಏನಂತಾರ?”

ಆಮೇಲೆ ಅವರ ದನಿ ಏರಿತು. ಮಾತು ತೆಲುಗು ಗಡಿಗೆ ಹತ್ತಿದ ಸೊಸೆಯ ತವರಿನ ಕಡೆಗೆ ಹೊರಳಿತು: ಚಿಂಚೋಳಿ ಕಡೆಯವರು ತೆಲುಗಿನಾಗ ನಾಚ್ತಾರ, ಕನ್ನಡದಾಗ ನಾಚಂಗಿಲ್ಲ ಅಂತ ಶುರುವಾಗಿ ಅಲ್ಲಿಗೇ ನಿಲ್ಲಲಿಲ್ಲ. ಸೊಸೆಯ ಕಣ್ಣಲ್ಲಿ ನೀರು ತುಂಬಿತು. ಸರ್ ಮುಜುಗರದಿಂದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಟವೆಲ್ಲು ಇಷ್ಟಿಷ್ಟೇ ಸಡಿಲುವುದು ನನಗೆ ಕಂಡಿತು. ಹಿರಿಯರ ಭುಜ ಎಡಕ್ಕೆ ವಾಲಿತು, ಮತ್ತೆ ನೆಟ್ಟಗಾಯಿತು.

ಆಗ ಮಾತಾಡಿದವರು ಅವರೇ. ಲಕ್ವಾದಿಂದ ತೊಡರುವ ನಾಲಿಗೆ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡರು.

“ಅಕ್ಕಾ. ಅಕಿಗಿ ಬೈಬ್ಯಾಡ. ಅಕಿ ಕೈ ಬಿಟ್ರ ನಾ ಬೀಳ್ತೀನಿ.”

ಅಕ್ಕ ಎದ್ದು ಹೋಗಿ ಪರದೆ ಸರಿಸಿದರು. ತಮ್ಮ ತಾನಾಗೇ ಕುಳಿತಿದ್ದಾನೆಂದು ನಂಬಿದ್ದ ಅವರಿಗೆ ಸೊಸೆಯ ಮುಂಗೈಗೆ ಸುತ್ತಿದ ಟವೆಲ್ಲು ಕಂಡಿತು. ನಾನೂ ಸಂಯೋಜಕನೂ ಎದ್ದು ಹಿರಿಯರನ್ನು ಮೆಲ್ಲಗೆ ಮಲಗಿಸಿದೆವು. ಸೊಸೆ ರುಮಾಲು ತೆಗೆದು ತಲೆಯ ಕೆಳಗೆ ದಿಂಬು ಸರಿಮಾಡಿದಳು. ಸರ್ ಅವಳನ್ನು ಕೇಳಿದರು, ಸಹಾಯಕಿ ಬರುವುದು ನಿಂತರೆ ಏನಾಗುತ್ತದೆಂದು. ಅವಳು ನೆಲ ನೋಡಿದಳು. ಮಾವನ ಎದುರಿಗೆ ಹೇಗೆ ಹೇಳಿಯಾಳು?

“ನಾ ಕಣ್ಣು ಮುಚ್ಚೀನವ್ವಾ,” ಎಂದರು ಹಿರಿಯರು, ನಿಜವಾಗಿಯೂ ಕಣ್ಣು ಮುಚ್ಚಿ. “ನಿದ್ದಿ ಹತ್ಯದ ಅಂತ ತಿಳ್ಕೊ. ಹೇಳು.”

“ಆ ಸಹಾಯಕಿ ಬರೋದು ನಿಂತ್ರ ನಾ ಸಾಲಿ ಅಡಿಗಿ ಬಿಡಬೇಕಾಗ್ತದ್ರಿ,” ಎಂದಳು. “ಒಮ್ಮಿ ಬಿಟ್ರ ಮತ್ತ ಸಿಗಂಗಿಲ್ಲ. ಮಾವನೋರಿಗಿ ಹೊತ್ತಿಗಿ ಮಗ್ಗಲಾ ಬದಲ್ಸಬೇಕ್ರಿ. ಇಲ್ಲಾಂದ್ರ ಬೆನ್ನಿಗಿ ಹುಣ್ಣಾಗ್ತಾವ.”

ಇಷ್ಟು ಹೇಳಿ ಚಹಾಕ್ಕೆ ಇಡಲು ಒಳಗೆ ಹೋದಳು. ಈ ಸಲ ಯಾರೂ ಬೇಡ ಅನ್ನಲಿಲ್ಲ, ಬೇಗ ತಾ ಅಂತಲೂ ಅನ್ನಲಿಲ್ಲ.

ಜೀಪಿನಲ್ಲಿ ಸಂಯೋಜಕನ ಮುಖ ಇಳಿದಿತ್ತು. “ಸರ, ಹಂಗಾದ್ರ ಈ ಮನ್ಯಾಗ ನಾವು ಏನೂ ಮಾಡಿಲ್ಲ ಅಂದಂಗಾಯ್ತಲ್ರಿ. ಮೀಟಿಂಗ್‌ನಾಗ ಹಿಂಗೇ ಹೇಳಿದ್ರ ಕೇಂದ್ರಾನ ಮುಚ್ಚತಾರ.”

“ಅವ್ರ ಬೆನ್ನು ನೋಡಿದ್ರೇನು?” ಎಂದೆ. “ಮಲಗಿಸುವಾಗ ನೋಡೀನಿ. ಒಂದು ಹುಣ್ಣಿಲ್ಲ. ಅದು ಮಾಡಿದ್ದಲ್ಲೇನು?”

ಸರ್ ತಾವು ಬರೆದುಕೊಂಡ ಹಾಳೆಗಳನ್ನು ಹಿಂದಕ್ಕೆ ತಿರುವಿದರು. ಕಿಟಕಿಯ ಆಚೆ ಕಲ್ಲಿನ ಗುಪ್ಪೆಗಳು ಹಿಂದೆ ಸರಿಯುತ್ತಿದ್ದವು. ಕೊನೆಗೆ, “ಉಳಿದ ನಾಲ್ಕು ಕಡೆ ಎಷ್ಟು ಮನೆಗೆ ಮೊದಲೇ ಹೇಳಿ ಹೋಗಿದ್ವಿ?” ಎಂದು ಕೇಳಿದರು. ಎಲ್ಲ ಮನೆಗಳಿಗೂ ಹೇಳಿಯೇ ಹೋಗಿದ್ದೆವು. ಹೇಳದೆ ಹೋಗುವುದು ಮರ್ಯಾದೆಯಲ್ಲ ಎಂದು ನಾವೇ ನಿಯಮ ಮಾಡಿಕೊಂಡಿದ್ದೆವು. ಹೇಳಿ ಹೋದಲ್ಲೆಲ್ಲ ಜನ ಎದ್ದು ಕುಳಿತಿದ್ದರು, ನಾವು ಕುಳಿತವರನ್ನು ನೋಡಿ ಖುಷಿಯಿಂದ ಬಂದಿದ್ದೆವು.

ಮತ್ತೆ ತಿರುಗಿದೆವು, ಸೇಡಂನಿಂದ ಚಿಂಚೋಳಿಯವರೆಗೆ. ಈ ಸಲ ರೋಗಿ ಕುಳಿತರೋ ಇಲ್ಲವೋ ಎಂಬುದಕ್ಕಿಂತ, ಸಹಾಯ ನಿಂತರೆ ಆ ಮನೆಯಲ್ಲಿ ಯಾರು ಏನು ಬಿಡಬೇಕಾಗುತ್ತದೆ ಎಂದು ಕೇಳಿದೆವು. ಹೆಣ್ಣುಮಕ್ಕಳನ್ನು ಬೇರೆಯಾಗಿ, ಅಡಿಗೆಮನೆಯಲ್ಲಿ ಕೂರಿಸಿಕೊಂಡು. ವರದಿ ತಡವಾಯಿತು. ಕಲಬುರಗಿಯ ಸಭೆಯಲ್ಲಿ ಒಬ್ಬ ಅಧಿಕಾರಿ, “ನೀವು ರೋಗಿಯನ್ನು ಅಳೀಲಿಕ್ಕೆ ಹೋಗಿ ಸೊಸೆಯನ್ನು ಅಳೆದು ಬಂದೀರಿ,” ಎಂದರು. ಸರ್, “ಹೌದು, ಯೋಜನೆ ನಿಂತಿರೋದು ಅವರ ಮೇಲೆ,” ಎಂದು ಕುಳಿತುಬಿಟ್ಟರು. ಸಹಾಯಕಿಯರು ಎಲ್ಲ ಮನೆಗಳಿಗೆ ಸಾಲುತ್ತಿರಲಿಲ್ಲ. ಅಂತೂ ಎಳೆದಾಡಿ, ಭಂಕೂರಿನಂಥ ಮನೆಗಳಿಂದ ಸಹಾಯಕಿಯನ್ನು ಪೂರ್ತಿ ತೆಗೆಯುವುದಿಲ್ಲ, ದಿನ ಬಿಟ್ಟು ದಿನ ಕಳಿಸುತ್ತೇವೆ ಎಂದಾಯಿತು. ಉಳಿದ ದಿನಗಳಿಗೆ ಸೊಸೆ ಏನು ಮಾಡಿಯಾಳೆಂಬ ಸಂಕಟ ನನ್ನನ್ನು ಬಿಡಲಿಲ್ಲ. ಸಂಯೋಜಕನಿಗೆ ಫೋನು ಮಾಡಿ ಕೇಳಿದೆ.

ಸಹಾಯಕಿ ಬಾರದ ಮೊದಲನೆಯ ದಿನ, ಹೊತ್ತು ಏರುವ ಮೊದಲೇ, ಸನ್ನತಿಯ ಅಕ್ಕ ಹಾಸಿಗೆಯ ಸುರುಳಿ ಹೊತ್ತು ಭಂಕೂರಿಗೆ ಬಂದರಂತೆ. ಮಗ್ಗುಲು ಬದಲಿಸುವುದು ಹೇಗೆಂದು ಸೊಸೆಯಿಂದ ಎರಡು ಸಲ ಮಾಡಿಸಿ ನೋಡಿಕೊಂಡರಂತೆ. ಸೊಸೆ ಅವತ್ತು ಸಾಲಿಗೆ ಹೋಗಿ ಅಡಿಗೆ ಮಾಡಿದಳು.